ಅಪ್ಪನಿಗೆ ತೊಡಿಸಿದ ಹೆಲ್ಮೆಟ್

ಮಾಂತು ಕಾಕಾ ಭಾಗ್ಯಾಳ ಮೊಬೈಲಿಗೆ ನಾಲ್ಕು ಫೋಟೋ ಕಳಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ. ಅವಳು ಸ್ಟುಡಿಯೋದ ಶಟರ್ ಎತ್ತಿ ಕಂಪ್ಯೂಟರಿನ ಮುಂದೆ ಕೂತು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಫೋಟೋಗಳ ಹಿಂದೆಯೇ ಫೋನೂ ಬಂತು.

"ಭಾಗ್ಯವ್ವ, ನಾಕೂ ಬಂದಾವೇನು ನೋಡು."

"ಬಂದಾವ ಕಾಕಾ. ಏನ್ ಮಾಡ್ಬೇಕು?"

"ಎಲ್ಲಾ ಕೂಡ್ಸಿ ಒಂದ ಫೋಟೋ ಮಾಡು. ನಮ್ಮ ಮಂದಿ ತಲಿಮ್ಯಾಲ ಹೆಲ್ಮೆಟ್ ಇರ್ಬೇಕು, ಸೊಂಟಕ್ಕ ಬೆಲ್ಟ್ ಇರ್ಬೇಕು, ಹಿಂದ ಹಸರ ಬಲಿ ಕಟ್ಟಿದಂಗ ಕಾಣ್ಬೇಕು. ಎಂಜಿನಿಯರ್ ಸಾಹೇಬ್ರು ಸಂಜಿ ಒಳಗ ಬೇಕಂದಾರ."

"ಖರೇ ಹೆಲ್ಮೆಟ್ ಇಲ್ಲೇನು?"

"ಬರ್ಲಕತ್ತಾವ ತಂಗಿ. ಮುಂದಿನ ವಾರ ಬಂದಬಿಡ್ತಾವ. ಅಲ್ಲೀತನಕ ದೊಡ್ಡ ಆಫೀಸಿಗೆ ತೋರಸ್ಲಾಕ ಒಂದು ಬೇಕು, ಅಷ್ಟ."

ಮಾಂತು ರಕ್ತಸಂಬಂಧಿಯೇನಲ್ಲ. ಶಹಾಪುರದ ಕಡೆಯ ಅವಳದೇ ಊರಿನವನು. ಕಟ್ಟಡದ ಕೂಲಿಯವರನ್ನು ಕೂಡಿಸಿ ಕೆಲಸಕ್ಕೆ ಹಚ್ಚುವ ಮುಕಾದಮ. ಹದಿನಾಲ್ಕು ವರ್ಷದ ಹಿಂದೆ ಭಾಗ್ಯಾಳ ಅಪ್ಪ ಜಟ್ಟೆಪ್ಪ, ಅವ್ವ ಸಾಬವ್ವ ಇಬ್ಬರನ್ನೂ ಪುಣೆಯ ರೈಲು ಹತ್ತಿಸಿದವನು ಅವನೇ. ಹುಡುಗಿ ಓದುವುದರಲ್ಲಿ ಚುರುಕಾಗಿದ್ದಾಳೆಂದು ಜಗಳ ಮಾಡಿ ಅವಳನ್ನು ಇಟ್ಟಿಗೆ ಹೊರುವುದರಿಂದ ಬಿಡಿಸಿ ಶಾಲೆಗೆ ಹಾಕಿಸಿದವನೂ ಅವನೇ. ಆ ಋಣ ಭಾಗ್ಯಾಳಿಗೆ ನೆನಪಿತ್ತು. ಅವನು ಕೇಳಿದ್ದಕ್ಕೆ ಅವಳು ಎಂದೂ ಇಲ್ಲ ಅಂದವಳಲ್ಲ.

ಪುಣೆಯ ಬಿಬವೇವಾಡಿ ಪೇಟೆಯಲ್ಲಿ ಹಿಟ್ಟಿನ ಗಿರಣಿಗೂ ಸೀರೆ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಆ ಸ್ಟುಡಿಯೋ ಸುಹಾಸ ಎನ್ನುವ ಮರಾಠಿ ಗೃಹಸ್ಥನದು. ಫೋಟೋ ತೆಗೆಯುವುದು ಅವನ ಕೆಲಸ, ಅದನ್ನು ತಿದ್ದುವುದು ಭಾಗ್ಯಾಳದು. ಆರು ವರ್ಷದಲ್ಲಿ ಅವಳ ಕೈಗೆ ಒಂದು ಹೆಸರು ಬಂದಿತ್ತು. ತೀರಿಹೋದ ಅಜ್ಜನನ್ನು ಮೊಮ್ಮಗಳ ಮದುವೆ ಫೋಟೋದಲ್ಲಿ ನಿಲ್ಲಿಸಬೇಕು, ದುಬೈಯಲ್ಲಿರುವ ಅಳಿಯನನ್ನು ಪೂಜೆಯ ಮಣೆಯ ಮೇಲೆ ಕೂರಿಸಬೇಕು ಎಂದು ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಒಬ್ಬರ ಮೈಮೇಲೆ ಬಿದ್ದ ಬಿಸಿಲು ಇನ್ನೊಬ್ಬರ ಮೈಮೇಲೂ ಹಾಗೆಯೇ ಬೀಳುವಂತೆ ಮಾಡುವುದರಲ್ಲಿ ಅವಳ ಜಾಣತನವೆಲ್ಲ ಇತ್ತು. ನೆರಳು ತಪ್ಪಿದರೆ ಸುಳ್ಳು ಗೊತ್ತಾಗುತ್ತದೆ. ಅವಳ ನೆರಳು ತಪ್ಪುತ್ತಿರಲಿಲ್ಲ.

ಮೊದಲನೆಯ ಫೋಟೋದಲ್ಲಿ ಹಿಂಜವಾಡಿಯ ಸೈಟಿನ ಐದನೇ ಮಹಡಿಯ ಮೇಲೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಎಲ್ಲರದೂ ಬರಿದಲೆ, ಬರಿಗಾಲು. ಎರಡನೆಯದರಲ್ಲಿ ಬೇರೆ ಯಾವುದೋ ಕಟ್ಟಡಕ್ಕೆ ಕಟ್ಟಿದ ಹಸಿರು ಬಲೆ. ಮೂರನೆಯದರಲ್ಲಿ ಮೇಜಿನ ಮೇಲೆ ಜೋಡಿಸಿಟ್ಟ ಹಳದಿ ಹೆಲ್ಮೆಟ್ಟುಗಳು, ಸೊಂಟದ ಬೆಲ್ಟುಗಳು. ನಾಲ್ಕನೆಯದು ಸುರಕ್ಷತೆಯ ಬಗ್ಗೆ ಮರಾಠಿಯಲ್ಲಿ ಬರೆದ ಒಂದು ಬೋರ್ಡು. ಹನ್ನೊಂದು ಜನರಲ್ಲಿ ಎಡದಿಂದ ಮೂರನೆಯವನು ಜಟ್ಟೆಪ್ಪ. ಮುಖವನ್ನು ದೊಡ್ಡದು ಮಾಡಿದಾಗ ಅಪ್ಪನ ಹುಬ್ಬಿನ ಕೂದಲಿಗೆ ಸಿಮೆಂಟು ಹತ್ತಿ ಬೆಳ್ಳಗಾದದ್ದು ಅವಳಿಗೆ ಕಂಡಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಅವನ ತಲೆಗೆ ಎಲ್ಲರಿಗಿಂತ ಚೆಂದದ ಹೆಲ್ಮೆಟ್ ಆರಿಸಿ, ಹಣೆಯ ಅಳತೆಗೆ ತಕ್ಕಂತೆ ಬಗ್ಗಿಸಿ, ಅದರ ಅಂಚಿನ ನೆರಳನ್ನು ಅವನ ಮೂಗಿನ ಮೇಲೆ ಬೀಳಿಸಿದಳು. ಸಂಜೆ ಐದಕ್ಕೆ ಕೆಲಸ ಮುಗಿಸಿ ಅಪ್ಪನಿಗೆ ಫೋನು ಮಾಡಿದಳು.

"ಅಪ್ಪ, ಇವತ್ತ ನಿನ್ನ ತಲಿಗೆ ಹೆಲ್ಮೆಟ್ ಹಾಕೀನಿ."

"ಅದ್ಕ ಅನ್ನು! ಮುಂಜಾನಿಂದ ತಲಿ ಭಾರ ಆಗ್ಯದ," ಎಂದು ಜಟ್ಟೆಪ್ಪ ನಕ್ಕ. ಸಾಬವ್ವನನ್ನು ಕರೆದು ಅದನ್ನೇ ಹೇಳಿ ಮತ್ತೆ ನಕ್ಕ.

ಮುಂದಿನ ವಾರ ಹೆಲ್ಮೆಟ್ಟು ಬರಲಿಲ್ಲ. ಅದರ ಮರುವಾರದ ಗುರುವಾರ, ಹೊತ್ತು ಹನ್ನೊಂದರ ಸುಮಾರಿಗೆ, ಆರನೇ ಮಹಡಿಯ ಸ್ಲ್ಯಾಬಿಗೆ ಕಾಂಕ್ರೀಟು ಸುರಿಯುತ್ತಿದ್ದಾಗ ಕೆಳಗಿನ ಆಸರೆಯ ಕಂಬಗಳು ಜಾರಿದವು. ಹಸಿ ಕಾಂಕ್ರೀಟು, ಕಬ್ಬಿಣದ ಸರಳು, ಹಲಗೆ, ಮನುಷ್ಯರು ಎಲ್ಲ ಒಟ್ಟಿಗೆ ಕೆಳಗೆ ಬಂದರು. ಸಾಬವ್ವ ನೆಲದ ಮೇಲೆ ಮರಳು ಸಾಣಿಸುತ್ತಿದ್ದಳು. ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಬಂದು ಬಿದ್ದ. ನಿಂತ ಸರಳೊಂದು ಅವನ ಹೊಟ್ಟೆಯಿಂದ ಹೊಕ್ಕು ಬೆನ್ನಿನಿಂದ ಹೊರಬಂದಿತ್ತು, ಅವನಿನ್ನೂ ಕೈಯಾಡಿಸುತ್ತಿದ್ದ. ಆಮೇಲೆ ಜಟ್ಟೆಪ್ಪ ಬಿದ್ದ. ಬಿದ್ದ ಮೇಲೆ ಅವನು ಅಲುಗಾಡಲಿಲ್ಲ.

ಭಾಗ್ಯಾ ಬಸ್ಸು, ರಿಕ್ಷಾ ಹಿಡಿದು ಹಿಂಜವಾಡಿ ಮುಟ್ಟಲು ಎರಡು ಗಂಟೆ ಹಿಡಿಯಿತು. ಹೆಣಗಳನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಶವಾಗಾರದಲ್ಲಿ ಒಬ್ಬ ಬಟ್ಟೆ ಸರಿಸಿ, ಗುರುತು ಸಿಗುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದ. ಮುಖದ ಬಲಗಡೆ ಅಪ್ಪನದೇ. ಎಡಗಡೆ ಇರಲಿಲ್ಲ. ಕಿವಿಯ ಮೇಲಿಂದ ತಲೆಬುರುಡೆ ಒಡೆದು ಒಳಕ್ಕೆ ಕುಸಿದು, ಆ ತಗ್ಗಿನಲ್ಲಿ ಕಾಂಕ್ರೀಟು ಆಗಲೇ ಗಟ್ಟಿಯಾಗುತ್ತಿತ್ತು. ಭಾಗ್ಯಾ ಹೌದೆಂದು ಹೇಳಿ, ಬಟ್ಟೆಯನ್ನು ತಾನೇ ಮತ್ತೆ ಮುಚ್ಚಿದಳು. ಹೊರಗೆ ನೆಲದ ಮೇಲೆ ಕೂತಿದ್ದ ಸಾಬವ್ವ ಅಳುತ್ತಿರಲಿಲ್ಲ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಕಾಯಿ ಒಡದಂಗ ಸಪ್ಪಳ ಬಂತ್ರಿ. ಬರೇ ಕಾಯಿ ಒಡದಂಗ."

ಮೂವರು ಸತ್ತಿದ್ದರು. ಊರಿಗೆ ಒಯ್ಯುವ ಸ್ಥಿತಿಯಲ್ಲಿ ಜಟ್ಟೆಪ್ಪ ಇರಲಿಲ್ಲ. ಮರುದಿನ ಪುಣೆಯಲ್ಲೇ ಮಣ್ಣು ಮಾಡಿದರು. ಮಾಂತು ಎದೆ ಬಡಿದುಕೊಂಡು ಅತ್ತ. ಅವನೇ ಮುಂದೆ ನಿಂತು ಕುಣಿ ತೋಡಿಸಿದ, ಅವನೇ ಮೊದಲ ಹಿಡಿ ಮಣ್ಣು ಹಾಕಿದ. ಭಾಗ್ಯಾ ಅವ್ವನನ್ನು ಬಿಬವೇವಾಡಿಯ ತನ್ನ ಬಾಡಿಗೆ ಕೋಣೆಗೆ ಕರೆತಂದಳು.

ಭಾನುವಾರ ಬೆಳಿಗ್ಗೆ ಸುಹಾಸ ಬಾಗಿಲಿಗೆ ಬಂದ. ಕೈಯಲ್ಲಿ ಮರಾಠಿ ಪೇಪರಿತ್ತು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು, "ಭಾಗ್ಯಾ, ಇದು ನಮ್ಮ ಕೆಲಸ ಅಲ್ಲವಾ?" ಎಂದು ಮೆಲ್ಲಗೆ ಕೇಳಿದ.

ಮೂರನೆಯ ಪುಟದಲ್ಲಿ ಅವಳ ಫೋಟೋ ಇತ್ತು. ಹನ್ನೊಂದು ಜನ, ಹನ್ನೊಂದು ಹಳದಿ ಹೆಲ್ಮೆಟ್ಟು, ಹಿಂದೆ ಹಸಿರು ಬಲೆ. ಎಲ್ಲ ಕೂಲಿಯವರಿಗೂ ಹೆಲ್ಮೆಟ್, ಬೆಲ್ಟ್ ಕೊಟ್ಟು ತರಬೇತಿ ಮಾಡಿದ್ದೆವು, ಅಂದು ಅವರೇ ಕುಡಿದು ಬಂದು ಅವನ್ನು ತೆಗೆದಿಟ್ಟಿದ್ದರು ಎಂದು ಕಟ್ಟಡದ ಕಂಪನಿ ಹೇಳಿತ್ತು. ಭಾಗ್ಯಾ ಎರಡು ಸಲ ಓದಿದಳು. ಸಾಬವ್ವನಿಗೆ ಓದು ಬಾರದು. ಫೋಟೋ ಕಂಡು ಹತ್ತಿರ ಬಂದಳು. ಗಂಡನನ್ನು ಗುರುತು ಹಿಡಿದು ಅವನ ಮುಖದ ಮೇಲೆ ಬೆರಳಿಟ್ಟಳು.

"ಇದು ಎಂದ ತೆಗದದ್ದು? ಈ ಟೊಪಗಿ ಅಂವ ಎಂದೂ ಹಾಕ್ಕೊಂಡೇ ಇಲ್ಲಲ್ಲ?"

"ಅವ್ವ, ಅದು..."

"ಎಲ್ಲಿಂದ ಬಂತು?"

"ನಾ ಹಾಕೀನಿ ಅವ್ವ. ಕಂಪ್ಯೂಟರಿನ್ಯಾಗ. ಮಾಂತು ಕಾಕಾ ಹೇಳಿದ್ದ. ಅಪ್ಪಗ ಫೋನ್ ಮಾಡಿ ಹೇಳಿದ್ನಲ್ಲ..."

ಸಾಬವ್ವನಿಗೆ ಅಂದು ಗಂಡ ನಕ್ಕದ್ದು ನೆನಪಾಯಿತು. ಅವಳ ಮುಖ ತಿರುಚಿಕೊಂಡಿತು. ಬಾಗಿಲ ಬಳಿಯಿದ್ದ ಚಪ್ಪಲಿ ಎತ್ತಿ ಮಗಳ ಮುಖಕ್ಕೆ ಬಾರಿಸಿದಳು. ಭಾಗ್ಯಾ ತಡೆಯಲಿಲ್ಲ. ಮುಖಕ್ಕೆ, ಬೆನ್ನಿಗೆ, ತಲೆಗೆ ಏಟುಗಳು ಬಿದ್ದವು. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ನಡುವೆ ಬರಹೋದ ಸುಹಾಸನ ಕೈಗೂ ಒಂದು ಬಿತ್ತು. ತೋಳು ಸೋತ ಮೇಲೆ ಸಾಬವ್ವ ಗೋಡೆಗೆ ಒರಗಿ ಕುಸಿದಳು. ಆಗ ಅವಳಿಗೆ ಅಳು ಬಂತು; ಮೂರು ದಿನದ ಅಳು ಒಮ್ಮೆಗೇ ಬಂತು.

ಭಾಗ್ಯಾ ಮುಖ ತೊಳೆದುಕೊಂಡಳು. "ಅವ್ವ, ನಾ ಪೊಲೀಸ್ ಚೌಕಿಗೆ ಹೋಗ್ತೀನಿ. ನಾಕೂ ಫೋಟೋ ಬ್ಯಾರೆ ಬ್ಯಾರೆ ಇದ್ದದ್ದು ಕಂಪ್ಯೂಟರಿನ್ಯಾಗ ಇನ್ನೂ ಅದಾವ. ಅವ್ನ ತೋರಸ್ತೀನಿ," ಎಂದಳು.

ಮೊದಲು ಮಾಂತುವಿಗೆ ಹೇಳಿ ಹೋಗುವುದು ಸರಿ ಅನಿಸಿತು ಅವಳಿಗೆ. ಅಷ್ಟು ವರ್ಷದ ಋಣ. ಫೋನು ಮಾಡಿ, ಸ್ಟುಡಿಯೋದಿಂದ ಫೈಲು ತೆಗೆದುಕೊಂಡು ಚೌಕಿಗೆ ಹೋಗುವೆನೆಂದೂ ಅವನೂ ಜೊತೆಗೆ ಬಂದು ನಿಜ ಹೇಳಬೇಕೆಂದೂ ಕೇಳಿಕೊಂಡಳು. ಅವನು, "ಸ್ಟುಡಿಯೋದಾಗೇ ಇರು, ಬರ್ತೀನಿ," ಅಂದ. ಅದು ಅವಳು ಮಾಡಿದ ದೊಡ್ಡ ತಪ್ಪು.

ಮಧ್ಯಾಹ್ನ ಮೂರಕ್ಕೆ ಅವನು ಬಂದಾಗ ಜೊತೆಗೆ ಅವಳು ಎಂದೂ ನೋಡಿರದ ಇಬ್ಬರು ಗಟ್ಟಿಮುಟ್ಟಾದ ಗಂಡಸರಿದ್ದರು. ಭಾನುವಾರವಾದ್ದರಿಂದ ಅಕ್ಕಪಕ್ಕದ ಅಂಗಡಿಗಳು ಮುಚ್ಚಿದ್ದವು; ಸುಹಾಸ ಒಳಕೋಣೆಯಲ್ಲಿದ್ದ. ಒಬ್ಬ ಒಳಗೆ ಬಂದವನೇ ಶಟರನ್ನು ಮುಕ್ಕಾಲು ಎಳೆದ. ಫೈಲು ಆಗಷ್ಟೇ ಪೆನ್ ಡ್ರೈವಿಗೆ ಇಳಿದಿತ್ತು. ಭಾಗ್ಯಾ ಅದನ್ನು ಕಿತ್ತು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕೊಡವ್ವ ಅದನ್ನ," ಎಂದ ಮಾಂತು. ಅವನ ಕಣ್ಣು ಕೆಂಪಾಗಿದ್ದವು. "ನನಗೂ ಹೆಂಡ್ತಿ ಮಕ್ಕಳು ಅದಾರ. ನಾ ಒಳಗ ಹೋದ್ರ ನಲವತ್ತು ಮಂದೀದು ಕೆಲಸ ಹೋಗ್ತದ. ಸತ್ತಾಂವ ಹೊಳ್ಳಿ ಬರೂದಿಲ್ಲ."

"ಕುಡದು ಸತ್ತ ಅಂತ ಬರದಾರ ಕಾಕಾ. ಅಪ್ಪ ಹನಿ ಮುಟ್ಟಿದವನಲ್ಲ. ನಿನಗ ಗೊತ್ತಿಲ್ಲೇನು?"

"ಗೊತ್ತದ."

"ಮತ್ತ?"

"ಫೋಟೋ ಮಾಡಿದಾಕಿ ನೀನು. ಮೊದಲ ಒಳಗ ಹೋಗಾಕಿ ನೀನ. ತಿಳ್ಕೋ."

"ಹೋಗ್ತೀನಿ," ಎಂದಳು ಭಾಗ್ಯಾ.

ಮಾಂತು ಮುಖ ಪಕ್ಕಕ್ಕೆ ತಿರುಗಿಸಿ ಆ ಇಬ್ಬರಿಗೆ ತಲೆಯಾಡಿಸಿದ. ಒಬ್ಬ ಬೆನ್ನ ಹಿಂದಿನಿಂದ ಕಬ್ಬಿಣದ ಸರಳು ತೆಗೆದು ಕಂಪ್ಯೂಟರಿನ ಮೇಲೆ ಬಾರಿಸಿದ. ಪರದೆ ಸಿಡಿಯಿತು. ಡಬ್ಬವನ್ನು ನೆಲಕ್ಕೆ ಉರುಳಿಸಿ, ಒಳಗಿನ ತಗಡು ತಂತಿಗಳು ನುಗ್ಗಾಗುವ ತನಕ ಜಜ್ಜಿದ. "ಅರೇ, ಅರೇ," ಎನ್ನುತ್ತ ಒಳಕೋಣೆಯಿಂದ ಓಡಿಬಂದ ಸುಹಾಸನ ಮೊಣಕಾಲಿಗೆ ಅದೇ ಸರಳು ಬಿತ್ತು. ಎಲುಬು ಮುರಿದದ್ದು ಕೇಳಿಸಿತು. ಅವನು ಕೂಗಲೂ ಆಗದೆ ನೆಲದ ಮೇಲೆ ಬಾಯಿ ತೆರೆದು ಮುಚ್ಚುತ್ತ ಬಿದ್ದ. ಮೇಜಿನ ಮೇಲಿದ್ದ ಭಾಗ್ಯಾಳ ಮೊಬೈಲೂ ಎರಡೇ ಏಟಿಗೆ ಪುಡಿಯಾಯಿತು.

ಇನ್ನೊಬ್ಬ ಭಾಗ್ಯಾಳ ಜಡೆ ಹಿಡಿದು ಎಳೆದು, ಫೋಟೋ ಕತ್ತರಿಸುವ ಉದ್ದ ಹಿಡಿಯ ಕಟರಿನ ಮೇಲೆ ಅವಳ ಎಡಗೈ ಒತ್ತಿ ಹಿಡಿದ.

"ಮುಷ್ಟಿ ಬಿಚ್ಚು."

ಅವಳು ಬಿಚ್ಚಲಿಲ್ಲ. ಅವನು ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಬಲವಂತವಾಗಿ ಬಿಡಿಸಿ ಅಲಗಿನ ಕೆಳಗೆ ಇಟ್ಟ.

"ಏ, ಬ್ಯಾಡ! ಅಷ್ಟು ಹೇಳಿಲ್ಲ ನಾ," ಎಂದು ಮಾಂತು ಕೂಗಿ ಮುಂದೆ ಬಂದ. ಅಷ್ಟರಲ್ಲಿ ಅಲಗು ಇಳಿದಿತ್ತು.

ಮೊದಲು ನೋವೇ ಆಗಲಿಲ್ಲ. ಮೇಜಿನ ಮೇಲೆ ಎರಡು ಬೆರಳ ತುಂಡು ಬಿದ್ದಿದ್ದವು, ಒಂದರ ಮೇಲೆ ಮೆಹಂದಿಯ ಬಣ್ಣ ಉಳಿದಿತ್ತು. ಪೆನ್ ಡ್ರೈವ್ ನೆಲಕ್ಕೆ ಬಿತ್ತು. ಸರಳಿನವನು ಅದನ್ನು ಹಿಮ್ಮಡಿಯಿಂದ ಹೊಸಕಿದ. ರಕ್ತ ಕಂಡು ಜಡೆ ಹಿಡಿದವನ ಕೈ ಸಡಿಲಾಯಿತು. ಭಾಗ್ಯಾಳ ಬಲಗೈಗೆ ಸಿಕ್ಕಿದ್ದು ಲೈಟು ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು. ಅವಳು ಅದನ್ನು ಎತ್ತಿ ಬೀಸಿದಳು. ಎದುರಿಗಿದ್ದವನು ಮಾಂತು. ಅವಳನ್ನು ಬಿಡಿಸಲು ಬಂದಿದ್ದನೋ, ಹಿಡಿಯಲು ಬಂದಿದ್ದನೋ, ಅವಳಿಗೆ ಇಂದಿಗೂ ಗೊತ್ತಿಲ್ಲ. ಸ್ಟ್ಯಾಂಡಿನ ಕಾಲು ಅವನ ಎಡಗಣ್ಣಿಗೆ ಹೊಕ್ಕಿತು. ಅವನು "ಯವ್ವಾ" ಎಂದು ಮೊಣಕಾಲೂರಿದ. ಅವಳು ಎರಡನೇ ಸಲ ಹೊಡೆದಳು, ತಲೆಯ ಮೇಲೆ. ಮೂರನೇ ಸಲವೂ ಹೊಡೆದಳು. ಕೂದಲಿನ ನಡುವೆ ಚರ್ಮ ಬಿರಿದು ಬಿಳಿ ಎಲುಬು ಕಂಡಿತು. ನಾಲ್ಕನೆಯ ಏಟಿಗೆ ಕೈ ಎತ್ತಿದಳು. ಆಗ ಅವಳ ಕಿವಿಗೆ ತನ್ನದೇ ದನಿ ಬಿತ್ತು. ಅವಳು ಅರಚುತ್ತಿದ್ದಳು, ಎಷ್ಟು ಹೊತ್ತಿನಿಂದಲೋ. ಸ್ಟ್ಯಾಂಡು ಕೈಯಿಂದ ಜಾರಿತು.

ಅರಚಾಟಕ್ಕೆ ಜನ ಕೂಡಿ ಶಟರ್ ಎತ್ತಿದರು. ಮಾಂತುವಿನ ಜೊತೆ ಬಂದ ಇಬ್ಬರೂ ನೆರೆದವರನ್ನು ನೂಕಿಕೊಂಡು ಓಡಿಹೋದರು. ನೆಲದ ಮೇಲೆ ಸುಹಾಸ, ಮಾಂತು, ನಡುವೆ ತನ್ನ ಕೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಕೂತ ಭಾಗ್ಯಾ. ಮೂವರನ್ನೂ ಒಂದೇ ಟೆಂಪೋದಲ್ಲಿ ಹಾಕಿ ಸರ್ಕಾರಿ ಆಸ್ಪತ್ರೆಗೆ ಒಯ್ದರು.

ಬೆರಳು ಮತ್ತೆ ಕೂಡಲಿಲ್ಲ. ಪೊಲೀಸರು ಬಂದು ಕೇಳಿದಾಗ ಭಾಗ್ಯಾ ಎಲ್ಲ ಹೇಳಿದಳು, ಮಾಂತುವಿನ ತಲೆಗೆ ಹೊಡೆದದ್ದನ್ನೂ ಹೇಳಿದಳು. ಪಕ್ಕದ ವಾರ್ಡಿನಿಂದ ಸುಹಾಸನೂ, ನಾಲ್ಕು ಫೋಟೋ ಕೂಡಿಸಿದ್ದು ತನ್ನ ಅಂಗಡಿಯಲ್ಲೇ ಎಂದು ಹೇಳಿಕೆ ಕೊಟ್ಟ. ಇನ್ಸ್‌ಪೆಕ್ಟರು ಬರೆದುಕೊಂಡು, "ಪುರಾವೆ ಏನಿದೆ?" ಎಂದರು. ಕಂಪ್ಯೂಟರು, ಮೊಬೈಲು, ಪೆನ್ ಡ್ರೈವು, ಮೂರೂ ಹೋಗಿದ್ದವು. ಕಂಪನಿಯವರು ಆ ಮಾಂತು ಎನ್ನುವವನು ನಮ್ಮವನೇ ಅಲ್ಲ, ಫೋಟೋದಲ್ಲಿ ಮೋಸವಿದ್ದರೆ ಅದು ಅವನೂ ಭಾಗ್ಯಾಳೂ ಕೂಡಿ ಮಾಡಿದ್ದು ಎಂದು ಬರೆದುಕೊಟ್ಟಿದ್ದರು.

ಆರನೆಯ ದಿನ ಹೆಂಗಸೊಬ್ಬಳು ಭಾಗ್ಯಾಳ ಮಂಚದ ಬಳಿ ಬಂದು ನಿಂತಳು. ಮಾಂತುವಿನ ಹೆಂಡತಿ ಮುಕ್ತಾ. ಸೆರಗಿನ ಒಳಗೆ ಕೈ ಮರೆಮಾಡಿಕೊಂಡಿದ್ದಳು. ಕಾಲ ಬಳಿ ಕೂತಿದ್ದ ಸಾಬವ್ವ, ಚಾಕು ಇರಬಹುದೆಂದು ಎದ್ದು ಮಗಳಿಗೆ ಅಡ್ಡ ನಿಂತಳು. ಚಪ್ಪಲಿಯಿಂದ ಹೊಡೆದ ದಿನದಿಂದ ಅವಳು ಭಾಗ್ಯಾಳೊಡನೆ ಒಂದು ಮಾತೂ ಆಡಿರಲಿಲ್ಲ.

"ನನ್ನ ಗಂಡನ ಕಣ್ಣು ತಗದಿ ನೀನು," ಎಂದಳು ಮುಕ್ತಾ. "ಒಂದು ಕಡಿ ಕೈಯೂ ಏಳವಲ್ದು ಅವನ್ದು. ನಿನ್ನ ಕೈ ಎರಡೂ ಹೋಗಿದ್ರ ನನಗ ಸಮಾಧಾನ ಇತ್ತು."

ಭಾಗ್ಯಾ ಪಟ್ಟಿ ಸುತ್ತಿದ ಕೈಯನ್ನು ಹೊದಿಕೆಯ ಕೆಳಗೆ ಎಳೆದುಕೊಂಡಳು.

"ನಿನ್ನೆ ಎಂಜಿನಿಯರ್ ಬಂದಿದ್ದ. ಹ್ಯಾಂಗದೀಯಪಾ ಅಂತ ಅವನ್ನ ಒಂದು ಮಾತು ಕೇಳ್ಲಿಲ್ಲ. ಮೊಬೈಲ್ ಎಲ್ಲದ ಅಂದ. ನನ್ನ ಕಡಿ ಇಲ್ಲ ಅಂದೆ. ನನ್ನ ಕುತ್ತಿಗಿ ಹಿಡದ, ವಾರ್ಡಿನ ಮಂದಿ ಮುಂದ." ಮುಕ್ತಾ ಗದ್ದ ಎತ್ತಿದಳು. ಕುತ್ತಿಗೆಯ ಮೇಲೆ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ಸೆರಗಿನಿಂದ ಕೈ ಹೊರತೆಗೆದಳು. ಅದರಲ್ಲಿ ಮಾಂತುವಿನ ಮೊಬೈಲಿತ್ತು. "ಇದರಾಗ ಎಲ್ಲಾ ಅದ ಅಂತ. ಎಂಜಿನಿಯರ್ ಕಳಿಸಿದ ಫೋಟೋ, ಹಿಂಗ ಮಾಡಸು ಅಂತ ಮಾತಾಡಿ ಕಳಿಸಿದ್ದು. ನಿಮ್ಮ ಕಾಕಾನ ಕೊಡು ಅಂದಾನ. ನಾ ನಿನ್ನ ಸಲುವಾಗಿ ಕೊಡ್ಲಕತ್ತಿಲ್ಲ, ತಿಳ್ಕೋ."

ಅವಳು ಅದನ್ನು ಭಾಗ್ಯಾಳ ಕೈಗೆ ಕೊಡಲಿಲ್ಲ. ಸಾಬವ್ವನ ಕೈಯಲ್ಲಿಟ್ಟು ಹೋದಳು.

ಎಂಜಿನಿಯರನ ದನಿ ಆ ಮೊಬೈಲಿನಲ್ಲಿ ಸ್ಪಷ್ಟವಾಗಿತ್ತು. ಅವನನ್ನು ಹಿಡಿದರು, ಕಂಪನಿಯ ಮಾಲೀಕನೊಬ್ಬನನ್ನು ಹಿಡಿದರು. ಅಲಗು ಇಳಿಸಿದವನು ಸೋಲಾಪುರದಲ್ಲಿ ಸಿಕ್ಕ, ಸರಳಿನವನು ಇನ್ನೂ ಸಿಕ್ಕಿಲ್ಲ. ಕುಡಿದು ಸತ್ತರು ಎನ್ನುವ ಮಾತನ್ನು ವೈದ್ಯರ ವರದಿ ಅಳಿಸಿಹಾಕಿತು. ಆರೋಪಿಗಳ ಪಟ್ಟಿಯಲ್ಲಿ ಮಾಂತು ಮೂರನೆಯವನು, ಸುಳ್ಳು ಫೋಟೋ ತಯಾರಿಸಿದ ಭಾಗ್ಯಾ ನಾಲ್ಕನೆಯವಳು. ಮಾಂತುವಿಗೆ ಹೊಡೆದದ್ದಕ್ಕೆ ಬೇರೆಯೇ ಒಂದು ಕೇಸು. ಇಬ್ಬರಿಗೂ ಜಾಮೀನು ಸಿಕ್ಕಿತು.

ಶಿವಾಜಿನಗರದ ಕೋರ್ಟಿನಲ್ಲಿ ಮೊದಲ ತಾರೀಖಿನ ದಿನ ಜನವೋ ಜನ. ಮೊಗಸಾಲೆಯಲ್ಲಿದ್ದದ್ದು ಒಂದೇ ಬೆಂಚು. ಸಾಬವ್ವ, ಭಾಗ್ಯಾ ಮುಂಚೆಯೇ ಬಂದು ಕೂತಿದ್ದರು. ಸ್ವಲ್ಪ ಹೊತ್ತಿಗೆ ಮುಕ್ತಾ ಗಂಡನ ಕೈ ಹಿಡಿದು ನಡೆಸಿಕೊಂಡು ಬಂದಳು. ಮಾಂತು ಒಂದು ಕಾಲು ಎಳೆಯುತ್ತಿದ್ದ, ಎಡಗಣ್ಣಿನ ಮೇಲೆ ಪಟ್ಟಿಯಿತ್ತು. ಬೆಂಚಿನ ಹತ್ತಿರ ಬಂದು ಯಾರು ಕೂತಿದ್ದಾರೆಂದು ಕಂಡು ನಿಂತುಬಿಟ್ಟ. ನಿಲ್ಲಲು ಅವನಿಂದ ಆಗುತ್ತಿರಲಿಲ್ಲ.

ಸಾಬವ್ವ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಭಾಗ್ಯಾಳ ತೋಳಿಗೆ ತಿವಿದು, "ಸರೀ ಅತ್ತಾಗ," ಎಂದಳು. ಮೂರು ತಿಂಗಳ ನಂತರ ಅವಳು ಮಗಳಿಗೆ ಆಡಿದ ಮೊದಲ ಮಾತು ಅದು.

ಭಾಗ್ಯಾ ಸರಿದಳು. ಮುಕ್ತಾ ಗಂಡನನ್ನು ಆ ತುದಿಯಲ್ಲಿ ಕೂರಿಸಿ ತಾನು ಗೋಡೆಗೆ ಒರಗಿ ನಿಂತಳು. ಒಳಗಿನಿಂದ ಭಾಗ್ಯಾಳ ಹೆಸರು ಕೂಗಿದಾಗ ಅವಳು ಎದ್ದು, ಮಾಂತುವಿನ ಕಾಲು ದಾಟಿಕೊಂಡು ಬಾಗಿಲಿಗೆ ಹೋದಳು. ಸಾಬವ್ವನೂ ಎದ್ದು ಅವಳ ಹಿಂದೆಯೇ ಒಳಗೆ ನಡೆದಳು.